ಲೋಹಕ್ಕೆ ಒಪ್ಪವಿಡುವ ಕ್ರಮ: ಸಾಣೆಯಿಂದ ಯಂತ್ರದವರೆಗೆ

ಪ್ರಾಚೀನ ಲೋಹಶಿಲ್ಪವನ್ನು ಕುರಿತ ಗ್ರಂಥಗಳಲ್ಲಿ ಎರಕದ ಕ್ರಮಕ್ಕೂ ಕೆತ್ತನೆಯ ಸೊಗಸಿಗೂ ದೊರೆತಿರುವ ಸ್ಥಾನವು ಉಜ್ಜುವ ಕೆಲಸಕ್ಕೆ ದೊರೆತಿಲ್ಲ. ಎರಕವು ಮುಗಿದು ಅಚ್ಚನ್ನು ಒಡೆದ ಮೇಲೆ ಬಿಂಬವಾಗಲಿ ಪಾತ್ರೆಯಾಗಲಿ ಕೈಗೆ ಬರುವುದು ಒರಟಾದ, ಮಂಕಾದ ರೂಪದಲ್ಲಿ. ಅದನ್ನು ಅರದಿಂದ ತರೆದು, ಕಲ್ಲಿನಿಂದ ತೀಡಿ, ಪುಡಿಯಿಂದ ತಿಕ್ಕಿ, ಬಟ್ಟೆಯಿಂದ ಒರಸಿ ಹೊಳಪಿಗೆ ತರುವವರೆಗೆ ಆಗುವ ಶ್ರಮವು ಅನೇಕ ವೇಳೆ ಎರಕದ ಶ್ರಮವನ್ನು ಮೀರುವುದು. ಕಲ್ಯಾಣ ಚಾಳುಕ್ಯರ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಅಭಿಲಷಿತಾರ್ಥಚಿಂತಾಮಣಿಯು, ಅಂದರೆ ಮಾನಸೋಲ್ಲಾಸವು, ಮೇಣದ ಬಿಂಬಕ್ಕೆ ಮಣ್ಣನ್ನು ಮೆತ್ತುವ ಬಗೆಯನ್ನೂ ಮೇಣದ ತೂಕಕ್ಕೆ ಎಷ್ಟು ಮಡಿ ಲೋಹವನ್ನು ತೆಗೆದುಕೊಳ್ಳಬೇಕೆಂಬ ಲೆಕ್ಕವನ್ನೂ ಸವಿವರವಾಗಿ ಕೊಡುತ್ತದೆ. ಹೊಳಪಿನ ಕೆಲಸಕ್ಕೆ ಅಷ್ಟು ವಿಸ್ತಾರವಿಲ್ಲ. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಎರಕಕ್ಕೆ ಲೆಕ್ಕವುಂಟು, ಉಜ್ಜುವುದಕ್ಕೆ ಕೈಯ ಅಳತೆಯ ಹೊರತು ಬೇರೆ ಲೆಕ್ಕವಿಲ್ಲ. ಆದರೆ ಶಾಸ್ತ್ರವು ಸಂಗ್ರಹವಾಗಿ ಹೇಳಿ ಮುಗಿಸಿದುದನ್ನು ಭಾಷೆಯು ಬಿಡಿಬಿಡಿಯಾಗಿ ಉಳಿಸಿಕೊಂಡಿರುವುದು.

ಕನ್ನಡದಲ್ಲಿ ಈ ಕೆಲಸದ ಒಂದೊಂದು ಹಂತಕ್ಕೂ ಒಂದೊಂದು ಮಾತುಂಟು. ಅರ ಎಂಬುದು ಹಲ್ಲುಳ್ಳ ಉಕ್ಕಿನ ಉಪಕರಣ; ಉತ್ತರ ಕರ್ನಾಟಕದಲ್ಲಿ ಇದನ್ನೇ ಕಾನಸು ಎನ್ನುವರು. ಮಸೆಯುವುದು ಅಲಗಿಗೆ ಮಾತ್ರ ಸಲ್ಲುವ ಮಾತು. ಅದು ಹೊಳಪನ್ನಲ್ಲ, ಹರಿತವನ್ನು ಉದ್ದೇಶಿಸುತ್ತದೆ. ಹಗೆಯನ್ನು ಮಸೆಯುವುದೆಂಬ ಬಳಕೆಯೂ ಈ ಅರ್ಥದಿಂದಲೇ ಬಂದಿತು. ತಿಕ್ಕುವುದು ಒರಟು ಕೆಲಸ. ತೀಡುವುದು ನಯದ ಕೆಲಸ. ಬೆಳಗುವುದು ಮನೆಯ ಹೆಂಗಸರ ಮಾತು: ಹುಣಿಸೆಯ ಹಣ್ಣು, ಬೂದಿ, ಇಟ್ಟಿಗೆಯ ಪುಡಿಗಳಿಂದ ತಾಮ್ರ ಹಿತ್ತಾಳೆಗಳ ಕಿಲುಬನ್ನು ತೆಗೆಯುವುದು. ಇಲ್ಲಿ ಹುಣಿಸೆಯ ಆಮ್ಲವು ಕಿಲುಬನ್ನು ಕರಗಿಸುತ್ತದೆ. ಬೂದಿಯೂ ಪುಡಿಯೂ ಅದನ್ನು ಕೆರೆದು ತೆಗೆಯುತ್ತವೆ. ಎಂದರೆ ರಸಾಯನ ಕ್ರಿಯೆಯೂ ಘರ್ಷಣ ಕ್ರಿಯೆಯೂ ಒಂದೇ ಹಿಡಿಯಲ್ಲಿ ಸೇರಿರುವುವು. ಈ ಎಲ್ಲ ಕ್ರಿಯೆಗಳ ಕೊನೆಗೆ ವಸ್ತುವಿಗೆ ಬರುವ ಗುಣವೇ ಒಪ್ಪ. ಹಳಗನ್ನಡದ ಒಪ್ಪು ಎಂಬ ಧಾತುವಿಗೆ ಶೋಭಿಸು, ಸೊಗಸಾಗಿ ಹೊಂದು ಎಂಬ ಅರ್ಥವಿರುವುದರಿಂದ, ಒಪ್ಪವಿಡುವುದೆಂದರೆ ಮಿನುಗಿಸುವುದು ಮಾತ್ರವಲ್ಲ. ವಸ್ತುವನ್ನು ಅದಕ್ಕೆ ತಕ್ಕ ಸ್ಥಿತಿಗೆ ತಂದು ನಿಲ್ಲಿಸುವುದು. ಒಪ್ಪ ಓರಣ ಎಂಬ ಜೋಡುನುಡಿಯಲ್ಲಿ ಈ ಅರ್ಥವು ಇಂದಿಗೂ ಜೀವಂತವಾಗಿದೆ. ಈಚೆಗೆ ಎಲ್ಲ ಹಂತಗಳಿಗೂ ಪಾಲಿಶ್ ಎಂಬ ಒಂದೇ ಮಾತನ್ನು ಬಳಸುವುದರಿಂದ ತಿಕ್ಕುವುದಕ್ಕೂ ತೀಡುವುದಕ್ಕೂ ಇದ್ದ ಭೇದವು ಮರೆಯಾಗುತ್ತಿರುವುದು. ಈ ಭೇದವು ಬರಿಯ ಶಬ್ದಭೇದವಲ್ಲವೆಂಬುದು ಮುಂದೆ ತಿಳಿದುಬರುವುದು.

ಒಪ್ಪದ ಪರಮಾವಧಿಯೆಂದರೆ ಕನ್ನಡಿ. ಗಾಜಿನ ಕನ್ನಡಿಯು ಬಳಕೆಗೆ ಬರುವುದಕ್ಕೆ ಮೊದಲು ಈ ದೇಶದಲ್ಲಿ ಕನ್ನಡಿಯು ಲೋಹದ್ದೇ ಆಗಿದ್ದಿತು. ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ದರ್ಪಣಸುಂದರಿಯು ಕೈಯಲ್ಲಿ ಹಿಡಿದಿರುವುದನ್ನು ಇಂದಿನ ಪ್ರೇಕ್ಷಕರು ಗಾಜೆಂದೇ ಭಾವಿಸಬಹುದು. ಶಿಲ್ಪಿಯು ಕಂಡಿದ್ದುದು ಉಜ್ಜಿದ ಲೋಹದ ಬಿಲ್ಲೆ. ಕೇರಳದ ಆರನ್ಮುಳದಲ್ಲಿ ಇಂತಹ ಕನ್ನಡಿಗಳನ್ನು ಇಂದಿಗೂ ಮಾಡುವರು. ಅಲ್ಲಿಯ ಮಿಶ್ರಲೋಹದಲ್ಲಿ ತವರದ ಪಾಲು ಸುಮಾರು ಮೂರನೆಯ ಒಂದಂಶದಷ್ಟಿದ್ದು, ಸಾಮಾನ್ಯ ಕಂಚಿಗಿಂತ ಬಹಳ ಹೆಚ್ಚು. ಆದಕಾರಣ ಅದು ಬಿಳುಪಾಗಿಯೂ ಕಠಿನವಾಗಿಯೂ ಇರುವುದಲ್ಲದೆ ಬಿದ್ದರೆ ಗಾಜಿನಂತೆ ಒಡೆಯುವುದು. ಮೆದುವಾದ ಲೋಹವು ಬೇಗ ಹೊಳೆಯುತ್ತದೆ, ಬೇಗ ಗೀರು ಬೀಳುತ್ತದೆ; ಕಠಿನವಾದುದು ಬಹಳ ದಿನಗಳ ಉಜ್ಜುವಿಕೆಯನ್ನು ಬೇಡುತ್ತದೆ, ಆದರೆ ಬಂದ ಒಪ್ಪವನ್ನು ಬಿಟ್ಟುಕೊಡುವುದಿಲ್ಲ. ಹೀಗಿರಲಾಗಿ ಕನ್ನಡಿಗಾರನು ಒಪ್ಪವನ್ನು ಎರಕದ ಮೂಸೆಯಲ್ಲಿಯೇ ಆಲೋಚಿಸಬೇಕಾಗುವುದು.

ಉಜ್ಜುವ ದ್ರವ್ಯದ ಚರಿತ್ರೆಯಲ್ಲಿ ದಕ್ಷಿಣ ದೇಶಕ್ಕೆ ವಿಶೇಷವಾದ ಸ್ಥಾನವುಂಟು. ವಜ್ರವನ್ನು ಬಿಟ್ಟರೆ ಪ್ರಕೃತಿಯಲ್ಲಿ ದೊರೆಯುವ ಖನಿಜಗಳಲ್ಲಿ ಅತಿ ಕಠಿನವಾದುದು ಕುರುಂದ. ಮೋಸನ ಕಾಠಿಣ್ಯಮಾನದಲ್ಲಿ ವಜ್ರಕ್ಕೆ ೧೦, ಕುರುಂದಕ್ಕೆ ೯, ಬೆಣಚುಕಲ್ಲಿಗೆ ೭. ಕೆಂಪು, ನೀಲಗಳು ಈ ಖನಿಜದ ಶುದ್ಧವೂ ಪಾರದರ್ಶಕವೂ ಆದ ರೂಪಗಳು. ಒರಟು ಕಲ್ಲಾಗಿ ಸಿಕ್ಕುವುದು ಹಳೆಯ ಮೈಸೂರು ಸೀಮೆಯಲ್ಲಿಯೂ ತಮಿಳು ನಾಡಿನಲ್ಲಿಯೂ ಉಂಟು. ಆಂಗ್ಲ ಭಾಷೆಯ ಕೊರಂಡಮ್ ಎಂಬ ಶಬ್ದವು ತಮಿಳಿನ ಕುರುಂದಂ, ಸಂಸ್ಕೃತದ ಕುರುವಿಂದ ಎಂಬ ಶಬ್ದಗಳ ಬಳಗಕ್ಕೆ ಸೇರಿದುದೆಂದು ನಿಘಂಟುಕಾರರು ಒಪ್ಪಿರುವರು. ೧೮ನೆಯ ಶತಮಾನದ ಆರಂಭದಲ್ಲಿಯೇ ಈ ಹೆಸರು ಇಂಗ್ಲೆಂಡಿನ ಶಿಲಾಸಂಗ್ರಾಹಕರ ಪಟ್ಟಿಗಳಿಗೆ ಸೇರಿದ್ದಿತು. ೧೭೯೮ರಲ್ಲಿ ಚಾರ್ಲ್ಸ್ ಗ್ರೆವಿಲ್ ಎಂಬಾತನು ಏಷ್ಯಾದ ಕುರುಂದವನ್ನು ಕುರಿತು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವಿಸ್ತಾರವಾದ ಲೇಖನವನ್ನು ಪ್ರಕಟಿಸಿದನು. ಯೂರೋಪಿನವರು ಅದುವರೆಗೆ ಬಳಸುತ್ತಿದ್ದುದು ಗ್ರೀಸಿನ ನ್ಯಾಕ್ಸೋಸ್ ದ್ವೀಪದ ಎಮರಿಯನ್ನು; ಅದು ಕುರುಂದವು ಅಯಸ್ಕಾಂತ ಶಿಲೆಯೊಡನೆ ಬೆರೆತ ಕಲ್ಲು.

ಈ ಕುರುಂದವನ್ನು ಕುಟ್ಟಿ ಸೋಸಿ, ಕಾಯಿಸಿದ ಅರಗಿನಲ್ಲಿ ಕಲಸಿ, ಚಕ್ರದಾಕಾರವಾಗಿ ಒತ್ತಿದರೆ ಅದೇ ರತ್ನಕಾರರ ಸಾಣೆ. ಒಬ್ಬನು ಬಿಲ್ಲಿನ ಹಗ್ಗದಿಂದಲೋ ತೊಗಲಿನ ಪಟ್ಟಿಯಿಂದಲೋ ಅದನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುವನು. ಮತ್ತೊಬ್ಬನು ವಸ್ತುವನ್ನು ಒತ್ತಿ ಹಿಡಿಯುವನು. ಸಾಣೆ ಹಿಡಿ ಎಂಬ ಮಾತು ಈ ಎರಡನೆಯವನ ಕೆಲಸದಿಂದ ಹುಟ್ಟಿದುದು. ಗಂಧವನ್ನು ತೇಯುವ ಕಲ್ಲನ್ನೂ ಸಾಣೆಕಲ್ಲು ಎನ್ನುವುದರಿಂದ, ಶಬ್ದವು ತೇಯುವ ಸಾಧನಗಳಿಗೆಲ್ಲ ಹರಡಿತೆಂದು ತಿಳಿಯಬಹುದು. ಅರಗಿನ ಸಾಣೆಯಲ್ಲಿ ಒಂದು ಗುಣವಿದೆ, ಅದೇ ಅದರ ಮಿತಿಯೂ ಹೌದು. ವೇಗವು ಮಿತಿಮೀರಿದರೆ ಕಾವು ಏರಿ ಅರಗು ಮೆತ್ತಗಾಗುವುದು; ಆದುದರಿಂದ ಆ ಚಕ್ರವು ಕೈಯ ವೇಗವನ್ನು ಬಹಳವಾಗಿ ಮೀರಲಾರದು. ವಸ್ತುವು ಸುಡುವುದಕ್ಕೆ ಮೊದಲು ಉಪಕರಣವೇ ಸೋಲುವ ಈ ಏರ್ಪಾಡು ಯಂತ್ರಯುಗದಲ್ಲಿ ತಲೆಕೆಳಗಾದುದನ್ನು ಮುಂದೆ ಕಾಣಬಹುದು. ಇನ್ನೊಂದು ಪ್ರಯೋಜನವೂ ಉಂಟು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಮರಳುಗಲ್ಲಿನ ಚಕ್ರಗಳ ಮೇಲೆ ಚೂರಿಗಳನ್ನು ಸಾಣೆ ಹಿಡಿಯುತ್ತಿದ್ದ ಕೆಲಸಗಾರರು ಬೆಣಚಿನ ಧೂಳಿನಿಂದ ಶ್ವಾಸಕೋಶವು ಕೆಟ್ಟು ಅಲ್ಪಾಯುಗಳಾಗುತ್ತಿದ್ದರು. ಕುರುಂದದ ಧೂಳು ಬೆಣಚಿನಷ್ಟು ಘಾತಕವಲ್ಲ.

ಹೊಳಪಿಗಾಗಿಯಲ್ಲದೆ ಲೋಹದ ಅಂತರಂಗವನ್ನು ತೋರಿಸುವುದಕ್ಕಾಗಿಯೂ ಉಜ್ಜುವ ಪದ್ಧತಿಯೊಂದು ದಕ್ಷಿಣಾಪಥದಲ್ಲಿದ್ದಿತು. ೧೭೯೫ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಯ ಮುಂದೆ ವರ್ಣಿಸಿದ ವೂಟ್ಜ್ ಎಂಬ ಉಕ್ಕಿನ ಹೆಸರು ಕನ್ನಡದ ಉಕ್ಕು ಎಂಬ ಶಬ್ದದ ಅಪಭ್ರಂಶವೆಂದು ಸಾಮಾನ್ಯವಾಗಿ ನಂಬಲಾಗಿದೆ. ಮೈಸೂರು ಸೀಮೆಯಲ್ಲಿ ಮಣ್ಣಿನ ಮೂಸೆಗಳಲ್ಲಿ ಉಕ್ಕನ್ನು ಮಾಡುತ್ತಿದ್ದ ಬಗೆಯನ್ನು ೧೮೦೭ರಲ್ಲಿ ಅಚ್ಚಾದ ಪ್ರವಾಸಗ್ರಂಥದಲ್ಲಿ ಫ್ರಾನ್ಸಿಸ್ ಬುಕನನ್ ವಿವರಿಸಿರುವನು. ಈ ಉಕ್ಕಿನ ಕತ್ತಿಗಳ ಮೈಮೇಲೆ ಕಾಣುವ ನೀರಲೆಗಳಂತಹ ರೇಖೆಗಳು ಕೆತ್ತಿದವುಗಳಲ್ಲ, ಬರೆದವುಗಳೂ ಅಲ್ಲ. ಲೋಹದೊಳಗಿನ ರಚನೆಯೇ ಹಾಗಿರುವುದು. ಆದರೆ ಅಲಗನ್ನು ಗೀರಿಲ್ಲದಂತೆ ತೀಡಿ, ಅನ್ನಭೇದಿಯಂತಹ ಲವಣದ ದ್ರವವನ್ನು ಸವರಿದಲ್ಲದೆ ಅವು ತೋರುವುದಿಲ್ಲ. ಈ ಕೆಲಸವನ್ನೇ ಕುಲವೃತ್ತಿಯಾಗಿ ಮಾಡುತ್ತಿದ್ದವರು ಸಿಕಲಗಾರರು. ಅರಬ್ಬಿಯಲ್ಲಿ ಸೈಕಲ್ ಎಂದರೆ ಒಪ್ಪವಿಡುವವನು. ಬಹಮನಿ, ಆದಿಲಶಾಹಿಗಳ ಕಾಲದ ಆಯುಧಶಾಲೆಗಳ ಮೂಲಕ ಈ ಮಾತು ದಖ್ಖನಿನ ಭಾಷೆಗಳಿಗೆ ಬಂದಿರಬೇಕೆಂದು ತೋರುತ್ತದೆ. ಕತ್ತಿಗಳು ಹೋದುವು, ಶಿಕಲಗಾರ ಎಂಬ ಅಡ್ಡಹೆಸರು ಮಾತ್ರ ಉತ್ತರ ಕರ್ನಾಟಕದ ಊರುಗಳಲ್ಲಿ ಉಳಿದಿರುವುದು. ತಾಮ್ರದ ಪಾತ್ರೆಗೆ ತವರದ ಲೇಪವನ್ನು ಕೊಡುವ ಕಲಾಯಿ ಎಂಬುದೂ ಇದೇ ದಾರಿಯಲ್ಲಿ ಬಂದ ಅರಬ್ಬಿ ಶಬ್ದವೇ.

ಪ್ರಕೃತ ವಿಷಯಕ್ಕೆ ಅತ್ಯಂತ ಸಮೃದ್ಧವಾದ ಸಾಮಗ್ರಿಯು ದೊರೆಯುವುದು ಬೀದರಿನಲ್ಲಿ. ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸೀಮೆಯನ್ನು ದಾಟಿ ಉತ್ತರಕ್ಕೆ ನಡೆದರೆ ಕಪ್ಪು ಮಣ್ಣಿನ ಬಯಲು ಮುಗಿದು ಜಂಬಿಟ್ಟಿಗೆಯ ಪ್ರಸ್ಥಭೂಮಿಯು ಮೊದಲಾಗುವುದು. ಅದರ ಅಂಚಿನಲ್ಲಿರುವ ಬೀದರಿಗೆ ೧೫ನೆಯ ಶತಮಾನದ ಪೂರ್ವಾರ್ಧದಲ್ಲಿ ಅಹಮದ್ ಶಹನು ಕಲಬುರಗಿಯಿಂದ ಬಹಮನಿ ರಾಜಧಾನಿಯನ್ನು ಸಾಗಿಸಿದನು. ಬಿದರಿ ಕೆಲಸವನ್ನು ಆ ಕಾಲದಲ್ಲಿ ಪರ್ಷಿಯದಿಂದ ಬಂದ ಕುಶಲಕರ್ಮಿಯೊಬ್ಬನು ಆರಂಭಿಸಿದನೆಂದು ಪ್ರತೀತಿಯಿರುವುದಾದರೂ, ಇಂದು ಉಳಿದಿರುವ ವಸ್ತುಗಳಲ್ಲಿ ೧೬ನೆಯ ಶತಮಾನದ ಕೊನೆಗಿಂತ ಹಿಂದಿನವೆಂದು ನಿಶ್ಚಯಿಸಬಹುದಾದವು ಇಲ್ಲವೆಂದೇ ಹೇಳಬೇಕು. ಪ್ರತೀತಿಯನ್ನು ತಳ್ಳಿಹಾಕುವುದಕ್ಕೆ ಇದೊಂದೇ ಕಾರಣವು ಸಾಲದು. ಸ್ಥಾಪಿಸುವುದಕ್ಕಂತೂ ಪ್ರತೀತಿಯೇ ಸಾಲದು.

ಬಿದರಿಯ ಲೋಹದಲ್ಲಿ ಬಹುಭಾಗವು ಸತುವು, ತಾಮ್ರವು ಅಲ್ಪ. ೧೬ ಪಾಲು ಸತುವಿಗೆ ಒಂದು ಪಾಲು ತಾಮ್ರವೆಂಬುದು ಸಾಮಾನ್ಯವಾದ ಲೆಕ್ಕ. ೧೯ನೆಯ ಶತಮಾನದ ಆರಂಭದಲ್ಲಿ ಈ ಕೆಲಸವನ್ನು ವರ್ಣಿಸಿದ ಬೆಂಜಮಿನ್ ಹೈನನು ಸೀಸ, ತವರಗಳನ್ನೂ ಹೇಳಿರುವನು. ಮರಳಿನ ಅಚ್ಚಿನಲ್ಲಿ ಎರಕ ಹೊಯ್ದ ಹೂಜಿ, ಹುಕ್ಕ, ತಟ್ಟೆಗಳು ಬೂದು ಬಣ್ಣದ ಒರಟು ವಸ್ತುಗಳಾಗಿ ಹೊರಬರುವುವು. ಅಲ್ಲಿಂದ ಮುಂದೆ ಉಜ್ಜುವ ಕೆಲಸವು ಒಂದು ಸಲವಲ್ಲ, ಹಲವು ಸಲ ಬರುತ್ತದೆ. ಒಂದೊಂದು ಸಲಕ್ಕೂ ಅದರ ಉದ್ದೇಶವು ಬೇರೆಯಾಗಿರುತ್ತದೆ. ಮೊದಲು ಅರದಿಂದಲೂ ಮರಳುಕಾಗದದಿಂದಲೂ ಎರಕದ ಒರಟನ್ನು ತೆಗೆಯುವರು. ಇದು ತಿಕ್ಕುವುದು. ಆ ಮೇಲೆ ಮೈಲುತುತ್ತದ ನೀರನ್ನು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುವುದು. ಆ ಕಪ್ಪಿನ ಮೇಲೆ ಚಿತ್ತಾರವನ್ನು ಕೊರೆದರೆ ಬಿಳಿಯ ಗೆರೆಯು ಸ್ಪಷ್ಟವಾಗಿ ಕಾಣುವುದು. ಚಾಣಗಳಿಂದ ಗೆರೆಗಳನ್ನು ಆಳಮಾಡಿ, ಬೆಳ್ಳಿಯ ತಂತಿಯನ್ನು ಇಟ್ಟು ಬಡಿಯುವುದಕ್ಕೆ ತಾರ್‌ಕಶಿಯೆಂದೂ, ತಗಡನ್ನು ಕೂರಿಸುವುದಕ್ಕೆ ತಹ್‌ನಿಶಾನ್ ಎಂದೂ ಹೆಸರು. ಬೆಳ್ಳಿಯು ಕೂತಮೇಲೆ ಎರಡನೆಯ ಬಾರಿ ಉಜ್ಜುವರು. ಈ ಸಲ ತೆಗೆಯಬೇಕಾದುದು ಸತುವನ್ನಲ್ಲ. ಮೇಲೆ ಉಬ್ಬಿ ನಿಂತ ಬೆಳ್ಳಿಯನ್ನು, ಅದೂ ಸುತ್ತಲ ಮೈಗೆ ಸಮನಾಗುವಷ್ಟು ಮಾತ್ರ. ಒಂದಿಷ್ಟು ಹೆಚ್ಚಾದರೆ ತೆಳುವಾದ ತಗಡು ತೂತುಬೀಳುವುದು. ಕಡಿಮೆಯಾದರೆ ಅಂಚು ಕೈಗೆ ತಡೆಯುವುದು. ಈ ಹಂತದಲ್ಲಿ ವಸ್ತುವನ್ನು ನೋಡಿದವರಿಗೆ ಚಿತ್ತಾರವೇ ಸರಿಯಾಗಿ ಕಾಣುವುದಿಲ್ಲ. ಬೆಳ್ಳಿಯೂ ಸತುವೂ ಒಂದೇ ಬಿಳುಪಿನಲ್ಲಿ ಹೊಳೆಯುವುವು.

ಕಡೆಯ ಕ್ರಿಯೆಯೇ ಬಿದರಿಯ ಗುಟ್ಟು. ಬೀದರ ಕೋಟೆಯೊಳಗಿನ, ಬಿಸಿಲು ಮಳೆಗಳು ಬಹುಕಾಲ ಮುಟ್ಟದ ಹಳೆಯ ಕಟ್ಟಡಗಳ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ, ಸ್ವಲ್ಪ ಬೆಚ್ಚಗೆ ಮಾಡಿದ ವಸ್ತುವಿನ ಮೇಲೆ ಬಳಿಯುವರು. ಮಣ್ಣು ತಕ್ಕುದೋ ಅಲ್ಲವೋ ಎಂಬುದನ್ನು ನಾಲಗೆಯ ಮೇಲಿಟ್ಟು ಪರೀಕ್ಷಿಸುವ ವಾಡಿಕೆಯುಂಟು. ಮಣ್ಣಿನಲ್ಲಿರುವ ಪೆಟ್ಲುಪ್ಪಿನಂತಹ ಲವಣಗಳು ರುಚಿಯಿಂದ ಗೊತ್ತಾಗುವುವು. ಕ್ಷಣಕಾಲದಲ್ಲಿ ಸತುವಿನ ಮೈ ಕಡುಗಪ್ಪಾಗುತ್ತದೆ. ಬೆಳ್ಳಿಯು ಹಾಗೆಯೇ ಉಳಿಯುತ್ತದೆ. ೧೯೮೭ರಲ್ಲಿ ಸೂಸನ್ ಲಾ ನೀಸ್, ಗ್ರೇಯಂ ಮಾರ್ಟಿನ್ ಎಂಬ ವಿಜ್ಞಾನಿಗಳು ಈ ಕ್ರಿಯೆಯನ್ನು ಪರೀಕ್ಷಿಸಿ, ಕಪ್ಪಿಗೆ ಮಿಶ್ರಲೋಹದಲ್ಲಿರುವ ಅಲ್ಪ ತಾಮ್ರವೇ ಮುಖ್ಯವೆಂದು ತೋರಿಸಿದರು. ಮೇಲ್ಮೈಯ ಸತುವು ಕರಗಿ ಹೋಗಿ ತಾಮ್ರದ ಸಂಯುಕ್ತಗಳು ಕಪ್ಪು ಪೊರೆಯಾಗಿ ನಿಲ್ಲುತ್ತವೆ. ಕೊನೆಗೆ ಎಣ್ಣೆಯನ್ನು ಹಚ್ಚಿ ಬಟ್ಟೆಯಿಂದ ಒರಸುವರು. ಇದರಿಂದ ಗೊತ್ತಾಗುವುದೇನೆಂದರೆ, ಉಜ್ಜುವುದರಲ್ಲಿ ಉಳಿದ ಗೀರೊಂದು ಬಿಳಿಯ ಲೋಹದಲ್ಲಿ ಮರೆಯಾಗಿದ್ದರೂ ಕಪ್ಪಿನಲ್ಲಿ ಮರೆಯಾಗುವುದಿಲ್ಲ. ತನ್ನ ಕೆಲಸದ ಪರೀಕ್ಷೆಯನ್ನು ಕುಶಲಕರ್ಮಿಯು ತಾನೇ ಕಟ್ಟಿಕೊಂಡಿರುವನು. ೨೦೨೩ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹಮದ್ ಖಾದ್ರಿಯವರು ಈ ಪರಂಪರೆಯವರು.

ಇಷ್ಟಾದರೂ ಒಪ್ಪವೆಂದರೆ ವಸ್ತುತಃ ಏನು ಎಂಬ ಪ್ರಶ್ನೆಯು ವಿಜ್ಞಾನಿಗಳನ್ನೂ ಬಹುಕಾಲ ಕಾಡಿತು. ಒರಟು ಗೀರುಗಳ ಬದಲು ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳು ಬೀಳುವುದೇ ಒಪ್ಪವೆಂದು ನ್ಯೂಟನ್ ೧೭೦೪ರ ತನ್ನ ದೃಗ್ವಿಜ್ಞಾನ ಗ್ರಂಥದಲ್ಲಿ ಭಾವಿಸಿದನು. ೨೦ನೆಯ ಶತಮಾನದ ಆರಂಭದಲ್ಲಿ ಜಾರ್ಜ್ ಬೀಲ್ಬಿ ಎಂಬಾತನು, ಉಜ್ಜಿದಾಗ ಲೋಹದ ಮೇಲ್ಪದರವು ದ್ರವದಂತೆ ಹರಿದು ತಗ್ಗುಗಳನ್ನು ಮುಚ್ಚುವುದೆಂದು ವಾದಿಸಿದನು. ೧೯೩೭ರಲ್ಲಿ ಬೌಡನ್, ಹ್ಯೂಸ್ ಎಂಬವರು, ಉಜ್ಜುವ ಪುಡಿಯು ಲೋಹಕ್ಕಿಂತ ಹೆಚ್ಚಿನ ಕಾವಿನಲ್ಲಿ ಕರಗುವಂತಹುದಾಗಿದ್ದರೆ ಅದು ಲೋಹಕ್ಕಿಂತ ಮೆದುವಾಗಿದ್ದರೂ ಒಪ್ಪವನ್ನು ಕೊಡುವುದೆಂದು ಕಂಡರು. ತರುವಾಯ ಲೆನರ್ಡ್ ಸ್ಯಾಮ್ಯುಯಲ್ಸ್ ನಡೆಸಿದ ಪರೀಕ್ಷೆಗಳಿಂದ ಲೋಹಗಳ ಮಟ್ಟಿಗೆ ನ್ಯೂಟನ್ನನ ಪಕ್ಷಕ್ಕೇ ಬಲ ಬಂದಿತು: ಹೊಳಪಿನ ಹಂತದಲ್ಲಿಯೂ ಪುಡಿಯ ಕಣಗಳು ಲೋಹವನ್ನು ಅತಿ ಸೂಕ್ಷ್ಮವಾಗಿ ಕೊರೆಯುತ್ತವೆ. ಚರಿತ್ರಕಾರನಿಗೆ ಇದರ ಫಲವು ಸ್ಪಷ್ಟವಾಗಿದೆ. ಒಪ್ಪವೆಂಬುದು ಮೇಲೆ ಹಚ್ಚುವ ವಸ್ತುವಲ್ಲ. ಅದು ತೆಗೆಯುವುದರಿಂದಲೇ ಬರುವುದು. ಪ್ರತಿಯೊಂದು ಸಲ ಹೊಳೆದಾಗಲೂ ವಸ್ತುವು ಅಷ್ಟಿಷ್ಟು ಕಡಿಮೆಯಾಗುತ್ತದೆ.

೧೮೯೧ರಲ್ಲಿ ಅಮೆರಿಕದ ಎಡ್ವರ್ಡ್ ಆಚಿಸನ್ ಇದ್ದಲು, ಮಣ್ಣುಗಳನ್ನು ವಿದ್ಯುತ್ತಿನ ಕಾವಿನಲ್ಲಿ ಕೂಡಿಸಿ ಕಾರ್ಬೊರಂಡಮ್ ಎಂಬ ಹೊಸ ದ್ರವ್ಯವನ್ನು ಪಡೆದನು. ಅದು ಕುರುಂದಕ್ಕಿಂತಲೂ ಕಠಿನ. ಇಂಗಾಲ, ಕುರುಂದಗಳ ಹೆಸರುಗಳನ್ನು ಕೂಡಿಸಿ ಅವನು ಇಟ್ಟ ಈ ಹೆಸರಿನಲ್ಲಿ ದಕ್ಷಿಣ ದೇಶದ ಹಳೆಯ ಶಬ್ದವು ಮತ್ತೆ ಹೊರದೇಶದಿಂದ ಬಂದಿತು. ಕಾಗಿಣಾ ತೀರದ ಮಳಖೇಡದಿಂದ ತೆಂಗಳಿ, ಚಿತ್ತಾಪುರ, ವಾಡಿ, ಶಹಾಬಾದಗಳವರೆಗಿನ ಸೀಮೆಯಲ್ಲಿ ಈ ದ್ರವ್ಯವನ್ನು ಅರಿಯದ ಊರು ವಿರಳ. ಶಹಾಬಾದಿ ಪರಸಿಯನ್ನು ನಯಮಾಡುವ ಯಂತ್ರಗಳ ತಳದಲ್ಲಿ ತಿರುಗುವ ಬಿಲ್ಲೆಗಳು ಇದರವೇ. ಅದೇ ಪುಡಿಯನ್ನು ಮತ್ತೊಂದು ಬಂಧದಲ್ಲಿ ಕೂಡಿಸಿದರೆ ಲೋಹವನ್ನು ತೀಡುವ ಚಕ್ರವಾಗುವುದು. ೧೯೫೪ರಲ್ಲಿ ಜರ್ಮನಿಯ ಆಕರ್ಮನ್ ಮತ್ತು ಶ್ಮಿಟ್ ಸಂಸ್ಥೆಯು ಕೈಯಲ್ಲಿ ಹಿಡಿಯುವ ಕೋನ ಗ್ರೈಂಡರನ್ನು ಹೊರತಂದಿತು. ಅದೇ ದಶಕದ ಕೊನೆಗೆ ನಾರಿನ ಜಾಲದಲ್ಲಿ ಪುಡಿಯನ್ನು ಅಂಟಿಸಿದ ಮೆತ್ತನೆಯ ಪ್ಯಾಡುಗಳು ಬಂದುವು. ಹತ್ತಿಯ ಬಫ್ ಚಕ್ರಕ್ಕೆ ಸವರುವ ಕೆಂಪು ದ್ರವ್ಯವು ಕಬ್ಬಿಣದ ಭಸ್ಮ. ಮನೆಯ ಗೋಡೆಗೆ ಬಳಿಯುವ ಕಾವಿಗೆ ಕೆಂಪನ್ನು ಕೊಡುವುದೂ ಅದೇ.

ಯಂತ್ರದಿಂದ ಬದಲಾದುದು ಮುಖ್ಯವಾಗಿ ವೇಗ. ೧೦೦ ಮಿಲಿಮೀಟರು ವ್ಯಾಸದ ಬಿಲ್ಲೆಯು ನಿಮಿಷಕ್ಕೆ ೧೧,೦೦೦ ಸಲ ಸುತ್ತಿದರೆ ಅದರ ಅಂಚು ಸೆಕೆಂಡಿಗೆ ಸುಮಾರು ೫೭ ಮೀಟರು ಓಡುತ್ತದೆ. ಅಷ್ಟು ವೇಗದಲ್ಲಿ ಉಪಕರಣವು ಸೋಲುವುದಕ್ಕೆ ಮೊದಲು ವಸ್ತುವೇ ಸೋಲುವುದು: ತೆಳು ತಗಡು ಕಾವಿಗೆ ಸೊಟ್ಟಗಾಗುತ್ತದೆ, ಉಕ್ಕಿನ ಹದವು ಇಳಿಯುತ್ತದೆ, ಕೆತ್ತನೆಯ ಅಂಚುಗಳು ಉರುಟಾಗುತ್ತವೆ. ಬೀದರಿನ ಕೆಲಸಗಾರರೂ ಬಫ್ ಯಂತ್ರವನ್ನು ಇಟ್ಟುಕೊಂಡಿರುವರು. ದಿನಗಟ್ಟಲೆಯ ತಿಕ್ಕುವಿಕೆಯು ಇದರಿಂದ ತಪ್ಪಿತೆಂಬುದನ್ನು ಹಳಿಯುವುದು ಕೈನೋಯದವರ ಮಾತು. ಅವರು ಯಂತ್ರಕ್ಕೆ ಕೊಟ್ಟಿರುವುದು ತಿಕ್ಕುವ ಕೆಲಸವನ್ನು. ಕೊರೆಯುವುದೂ ಬೆಳ್ಳಿಯನ್ನು ಕೂರಿಸುವುದೂ ಕಪ್ಪು ಮಾಡುವುದೂ ಕೈಯಲ್ಲಿಯೇ ಉಳಿದಿವೆ. ಭೇದವನ್ನು ಅರಿತು ಬಳಸಿದರೆ ಯಂತ್ರದಿಂದ ಹಾನಿಯಿಲ್ಲ.

ಹಾನಿಯು ಉಂಟಾಗುವುದು ಈ ಭೇದವನ್ನು ಅರಿಯದ ಕಡೆಯಲ್ಲಿ, ಅದರಲ್ಲಿಯೂ ಲಿಪಿಯುಳ್ಳ ಲೋಹಗಳಲ್ಲಿ. ತಾಮ್ರಶಾಸನಗಳನ್ನು ಬರೆಸಿದವರು ಸವೆತದ ಭಯವನ್ನು ಬಲ್ಲವರಾಗಿದ್ದರು. ಅನೇಕ ಪಟಗಳ ಅಂಚನ್ನು ಸ್ವಲ್ಪ ಎತ್ತರಿಸಿ, ಒಂದರ ಮೇಲೊಂದು ಕೂತಾಗ ಅಕ್ಷರಗಳು ಉಜ್ಜದಂತೆ ಮಾಡಿರುವುದನ್ನು ಶಾಸನಸಂಪಾದಕರು ಮತ್ತೆ ಮತ್ತೆ ಗುರುತಿಸಿರುವರು. ಅಕ್ಷರಗಳೂ ಆಳ, ಕೆಲವು ಪಟಗಳಲ್ಲಿ ಹಿಂಬದಿಗೂ ಒತ್ತಿ ಕಾಣುವಷ್ಟು. ದೇವಾಲಯದ ಪಾತ್ರೆ, ಘಂಟೆ, ದೀಪ, ಪ್ರಭಾವಳಿಗಳ ಮೇಲಿನ ಬರಹಗಳಿಗೆ ಇಂತಹ ರಕ್ಷಣೆಯಿಲ್ಲ. ಮೈಸೂರು ಪ್ರಾಚ್ಯಶೋಧನ ಇಲಾಖೆಯಲ್ಲಿ ೧೯೦೬ರಿಂದ ೧೯೨೨ರವರೆಗೆ ಇದ್ದ ಆರ್. ನರಸಿಂಹಾಚಾರ್ಯರು ಇಂತಹ ಬರಹಗಳನ್ನೂ ಕಲ್ಲಿನ ಶಾಸನಗಳಷ್ಟೇ ಶ್ರದ್ಧೆಯಿಂದ ವರದಿಗಳಲ್ಲಿ ಸೇರಿಸಿದರು. ಶ್ರೀರಂಗಪಟ್ಟಣದ ರಂಗನಾಥ ದೇವಾಲಯದ ಬೆಳ್ಳಿಯ ಬಟ್ಟಲುಗಳು ಟಿಪ್ಪು ಸುಲ್ತಾನನ ಕೊಡುಗೆಯೆಂಬುದು ಗೊತ್ತಾದುದು ಅವುಗಳ ಮೇಲಿನ ಬರಹದಿಂದ. ಅಂತಹ ಅಕ್ಷರವು ಅಳಿದರೆ ಬಟ್ಟಲು ಉಳಿಯುತ್ತದೆ, ಚರಿತ್ರೆಯು ಹೋಗುತ್ತದೆ.

ಮಳಖೇಡದ ನೇಮಿನಾಥ ಬಸದಿಯಲ್ಲಿ ೯೬ ಜಿನಬಿಂಬಗಳುಳ್ಳ ಪಂಚಲೋಹದ ಚಿಕ್ಕ ಮಂದಿರವೊಂದಿದೆ. ಬೆರಳಗಲದ ಇಂತಹ ಬಿಂಬಗಳಲ್ಲಿ ಕಣ್ಣು, ಮೂಗುಗಳು ಇರುವುದು ಲೋಹದ ಅತ್ಯಲ್ಪ ಉಬ್ಬಿನಲ್ಲಿ. ದಿನವೂ ಹುಣಿಸೆಯಿಂದ ಬೆಳಗಿದ ಪೂಜಾಬಿಂಬಗಳ ಮುಖವು ನೂರಾರು ವರ್ಷಗಳಲ್ಲಿ ಸವೆದು ನುಣ್ಣಗಾಗುವುದು ಎಲ್ಲ ಕಡೆಯಲ್ಲಿಯೂ ಕಂಡ ವಿಷಯ. ಬಫ್ ಚಕ್ರದ ಮುಂದೆ ಅದಕ್ಕೆ ನೂರಾರು ವರ್ಷಗಳು ಬೇಡ. ಉತ್ಸವದ ಮುನ್ನ ಪಾತ್ರೆ ಪದಾರ್ಥಗಳನ್ನು ಮೆರುಗಿಗೆ ಕೊಡುವ ಧರ್ಮದರ್ಶಿಗಳು ಮಾಡಬಹುದಾದುದು ಬಹಳವಿಲ್ಲ. ಬರಹವಿರುವ ಭಾಗದ ಛಾಯಾಚಿತ್ರವನ್ನು ಪಕ್ಕದಿಂದ ಬೆಳಕು ಬೀಳುವಂತೆ ತೆಗೆಸಬೇಕು. ಆ ಭಾಗಕ್ಕೆ ಯಂತ್ರವನ್ನು ತಾಗಿಸದೆ ಸಾಬೂನಿನ ನೀರು, ಮೆತ್ತನೆಯ ಬಟ್ಟೆಗಳಿಂದ ಮಾತ್ರ ಒರಸಬೇಕು. ಪಾತ್ರೆಯ ತೂಕವನ್ನು ಪ್ರತಿ ಸಲವೂ ಪುಸ್ತಕದಲ್ಲಿ ಬರೆದಿಡಬೇಕು. ಬೆಳ್ಳಿಯ ಪಾತ್ರೆಗಳ ತೂಕವನ್ನು ಬರೆದಿಡುವ ವಾಡಿಕೆಯು ದೇವಾಲಯಗಳಲ್ಲಿ ಮೊದಲಿನಿಂದಲೂ ಉಂಟು. ಆ ಲೆಕ್ಕವನ್ನು ಕಳವನ್ನು ಪತ್ತೆಮಾಡುವುದಕ್ಕಲ್ಲದೆ ಸವೆತವನ್ನು ಅಳೆಯುವುದಕ್ಕೂ ನೋಡಬಹುದು.